ಪೈಪಿಗೆ ಚಳಿಯಾಗಬಾರದು

ಬಂಧುಗಳೇ, ತಾಯಂದಿರೇ, ನಿನ್ನೆಯ ಪ್ರವಚನದಲ್ಲಿ ದಾನದ ವಿಷಯ ಮಾತಾಡಿದೆವು. ಇವತ್ತಿನದು ದಾನಕ್ಕಿಂತ ಕಷ್ಟದ ವಿಷಯ. ದುಡಿಸಿಕೊಂಡವರಿಗೆ ತಕ್ಕ ಪಗಾರ ಕೊಡುವುದು. ನಗಬೇಡಿ, ಇದು ನಿಜವಾಗಿ ಕಷ್ಟ. ದಾನ ಕೊಟ್ಟರೆ ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರೆ. ಪಗಾರ ಸರಿಯಾಗಿ ಕೊಟ್ಟವನಿಗೆ ಯಾರಾದರೂ ಶಾಲು ಹೊದಿಸಿದ್ದನ್ನು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಒಂದು ಕಥೆ ಹೇಳುತ್ತೇನೆ. ಬಹಳ ಎತ್ತರದ ಬೆಟ್ಟದ ಮೇಲೊಂದು ಊರಿತ್ತು, ಆ ಊರಲ್ಲೊಬ್ಬ ಸಾಹುಕಾರನಿದ್ದ. ಆ ಊರಿನಲ್ಲಿ ಬೆಳೆಯುವುದು ಏನು? ಜೋಳವೇ? ಅಲ್ಲ. ಶೇಂಗಾವೇ? ಅಲ್ಲ. ಹಿಮ! ವರ್ಷದಲ್ಲಿ ಐದು ತಿಂಗಳು ಮೇಲಿಂದ ಹಿಮ ಬೀಳುತ್ತಿತ್ತು. ಊರೂರಿನ ಶ್ರೀಮಂತರು ಅಲ್ಲಿಗೆ ಬಂದು, ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಗುಡ್ಡದ ಮೇಲಿಂದ ಜಾರುತ್ತಿದ್ದರು. ಜಾರುವುದಕ್ಕೆ ದುಡ್ಡು ಕೊಡುತ್ತಿದ್ದರು, ತಾಯಂದಿರೇ! ನಾವು ಬಚ್ಚಲುಮನೆಯಲ್ಲಿ ಪುಕ್ಕಟೆ ಜಾರುತ್ತೇವೆ, ಮೇಲಿಂದ ಬೈಸಿಕೊಳ್ಳುತ್ತೇವೆ. ಇರಲಿ, ಅವರವರ ಖುಷಿ ಅವರವರಿಗೆ.

ಆ ಜಾರುಗುಡ್ಡ ಸಾಹುಕಾರನದು. ಜಾರಿದವರನ್ನು ಮತ್ತೆ ಮೇಲಕ್ಕೆ ಎಳೆದೊಯ್ಯುವ ತಂತಿಕುರ್ಚಿಗಳು ಅವನವು. ದೊಡ್ಡ ಹೋಟೆಲು ಅವನದು. ಸಾಲದ್ದಕ್ಕೆ ಗುಡ್ಡದ ಮೈಮೇಲೆ ಐವತ್ತು ಚೆಂದದ ಮನೆ ಕಟ್ಟಿಸಿ, ನಲವತ್ತನ್ನು ದೂರದ ಪಟ್ಟಣದವರಿಗೆ ಮಾರಿದ್ದ. ಕೊಂಡವರು ವರ್ಷಕ್ಕೆ ಹದಿನೈದು ದಿನ ಬರುತ್ತಿದ್ದರು, ಜಾರುತ್ತಿದ್ದರು, ಹೋಗುತ್ತಿದ್ದರು. ಉಳಿದ ಹತ್ತು ಮನೆ ಇನ್ನೂ ಒಳ್ಳೆಯ ಬೆಲೆ ಬರಲಿ ಎಂದು ಕಾಯುತ್ತಿದ್ದವು. ಹಾಗಾದರೆ ಹೋಟೆಲಿನಲ್ಲಿ ಅಡುಗೆ ಮಾಡುವವರು, ಹಾಸಿಗೆ ಹಾಸುವವರು, ಕುರ್ಚಿ ಓಡಿಸುವವರು ಎಲ್ಲಿರುತ್ತಿದ್ದರು? ಆ ಊರಿನಲ್ಲಿ ಒಂದು ಕೋಣೆಯ ಬಾಡಿಗೆ ಅವರ ತಿಂಗಳ ಪಗಾರಕ್ಕಿಂತ ಹೆಚ್ಚು. ಅದಕ್ಕೆ ಹೋಟೆಲಿನ ಹಿಂದೆ ಎರಡು ತಗಡಿನ ಶೆಡ್ಡು. ಒಂದು ಗಂಡಸರಿಗೆ, ಒಂದು ಹೆಂಗಸರಿಗೆ.

ಸಾಹುಕಾರ ಕೆಟ್ಟವನಲ್ಲ, ನೋಡಿ. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಕೆಟ್ಟವನಾಗಿದ್ದರೆ ನೀವು ನಿಶ್ಚಿಂತೆಯಿಂದ ಕೂತು ಕೇಳುತ್ತಿದ್ದಿರಿ, ಇದು ನಮ್ಮ ಕಥೆಯಲ್ಲ ಎಂದು. ಅವನು ದಿನವೂ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದ. ಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ. ಹುಣ್ಣಿಮೆಗೆ ಅನ್ನದಾನ ಮಾಡುತ್ತಿದ್ದ. ನಿಮ್ಮಂತೆಯೇ ಒಳ್ಳೆಯವನು, ನನ್ನಂತೆಯೇ ಒಳ್ಳೆಯವನು.

ಅವನ ಹತ್ತಿರ ಗಂಡ ಹೆಂಡತಿ ಇಬ್ಬರು ದುಡಿಯುತ್ತಿದ್ದರು. ಗಂಡ ತಂತಿಕುರ್ಚಿ ಓಡಿಸುವವನು. ಹೆಂಡತಿಯ ಕೆಲಸ ಖಾಲಿ ಮನೆಗಳಲ್ಲಿ ಒಲೆ ಹಚ್ಚುವುದು. ಖಾಲಿ ಮನೆಗೆ ಒಲೆ ಏಕೆ ಎಂದಿರಾ? ಒಬ್ಬಾಕೆ ತಾಯಿ ಆಗಲೇ ಕೇಳುತ್ತಿದ್ದಾರೆ, ಒಳ್ಳೆಯ ಪ್ರಶ್ನೆ. ಗಾಜಿನ ಬಾಟಲಿಯಲ್ಲಿ ತುಂಬ ನೀರು ಹಾಕಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಮರೆತರೆ ಏನಾಗುತ್ತದೆ? ಒಡೆಯುತ್ತದೆ. ಆ ಊರಿನ ಚಳಿಯಲ್ಲಿ ಮನೆಯ ಪೈಪುಗಳೂ ಹಾಗೇ. ಒಳಗಿನ ನೀರು ಗಡ್ಡೆ ಕಟ್ಟಿದರೆ ಪೈಪು ಸೀಳುತ್ತದೆ, ಗೋಡೆ ನೆನೆಯುತ್ತದೆ, ಲಕ್ಷಗಟ್ಟಲೆ ನಷ್ಟ. ಅದಕ್ಕೇ ಮನುಷ್ಯರಿಲ್ಲದಿದ್ದರೂ ಒಲೆ ಉರಿಯಬೇಕು. ಐವತ್ತು ಮನೆ, ಐವತ್ತು ಒಲೆ. ಬೆಳಿಗ್ಗೆ ಸೌದೆ ಹೊತ್ತು ಗುಡ್ಡ ಹತ್ತಿದಳೆಂದರೆ ಕೊನೆಯ ಮನೆ ಬೆಚ್ಚಗಾಗುವ ಹೊತ್ತಿಗೆ ಸಂಜೆ. ಆಮೇಲೆ ಅವಳು ಇಳಿದು ಬಂದು ಮಲಗುತ್ತಿದ್ದುದೆಲ್ಲಿ? ತಗಡಿನ ಶೆಡ್ಡಿನಲ್ಲಿ. ಅಲ್ಲಿ ಪೈಪು ಇರಲಿಲ್ಲ. ನೀರು ಕೊಡದಲ್ಲಿ ಬರುತ್ತಿತ್ತು. ಪೈಪಿಲ್ಲದ ಮೇಲೆ ಒಲೆ ಏಕೆ?

ಮದುವೆಯಾಗಿ ನಾಲ್ಕು ವರ್ಷ. ಹಿಮ ಬೀಳುವ ಐದು ತಿಂಗಳು ಗಂಡ ಒಂದು ಶೆಡ್ಡಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ಅವರು ಸಂಸಾರ ಮಾಡುತ್ತಿದ್ದುದು ಹೇಗೆ ಗೊತ್ತೇ? ಅವಳು ಸೌದೆ ಹೊತ್ತು ತಂತಿಕುರ್ಚಿಯ ಪಕ್ಕದಲ್ಲಿ ಹಾದು ಹೋಗುವಾಗ ಅವನು ಯಂತ್ರದ ಕೋಣೆಯ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದ.

“ಉಂಡೇನ?”

“ಉಂಡೆ. ನೀ?”

“ಉಂಡೆ.”

ಮುಗಿಯಿತು. ಆ ದಿನದ ದಾಂಪತ್ಯ ಮುಗಿಯಿತು! ನಗುತ್ತೀರಿ. ಹದಿನೆಂಟು ಹೆಂಗಸರು ಮಲಗುವ ಶೆಡ್ಡಿನಲ್ಲಿ ಅವಳು ಅದನ್ನೇ ನೆನೆದು ತಾನೂ ನಗುತ್ತಿದ್ದಳು. ಬಹಳ ನಗುವ ಹೆಣ್ಣುಮಗಳು ಅವಳು. ಅವಳಿಗಿದ್ದದ್ದು ಒಂದೇ ಆಸೆ. ಬಂಗಾರ ಬೇಡ, ಸೀರೆ ಬೇಡ. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಒಂದು ಬಾಗಿಲು ಬೇಕು. ಇನ್ನೊಂದು ಚಳಿಗಾಲ ಹೀಗೇ ಕಳೆಯುವುದಾದರೆ ಕೆಲಸ ಬಿಟ್ಟು ಹೋಗುವುದೆಂದು ಗಂಡ ಹೇಳಿದ್ದ. ಬಿಟ್ಟು ಹೋದರೆ ತಿನ್ನುವುದೇನು, ಅದು ಅವನಿಗೂ ಗೊತ್ತಿರಲಿಲ್ಲ.

ಆ ವರ್ಷ ಎಲ್ಲರೂ ಕೂಡಿ ಸಾಹುಕಾರನ ಮುಂದೆ ನಿಂತು ಪಗಾರ ಹೆಚ್ಚಿಸಿ ಎಂದು ಕೇಳಿದರು. ಸಾಹುಕಾರ ಅಂಗಳಕ್ಕೆ ಬಂದು ಕೈ ಅಗಲಿಸಿ ಬೆಟ್ಟ ತೋರಿಸಿದ.

“ಇಂಥಾ ಗಾಳಿ, ಇಂಥಾ ನೋಟ! ಇದನ್ನ ನೋಡಾಕ ಮಂದಿ ಲಕ್ಷ ಲಕ್ಷ ಕೊಟ್ಟು ಬರ್ತಾರ. ನೀವು ದಿನಾ ಪುಕ್ಕಟೆ ನೋಡ್ತೀರಿ. ಪುಣ್ಯ ಮಾಡೀರಿ!”

ಅಷ್ಟೇ ಅಲ್ಲ, ಎಲ್ಲರಿಗೂ ಒಂದೊಂದು ಬಣ್ಣದ ಪಾಸು ಕೊಟ್ಟ. ಯಾವಾಗ ಬೇಕಾದರೂ ಗುಡ್ಡದ ಮೇಲಿಂದ ಪುಕ್ಕಟೆ ಜಾರಬಹುದು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬೆಳಗಾದರೆ ಸೌದೆ, ಸಂಜೆಯಾದರೆ ಸುಸ್ತು, ಅವಳು ಜಾರುವುದು ಯಾವಾಗ? ಪಾಸನ್ನು ಶೆಡ್ಡಿನ ತಗಡಿನ ಸಂದಿಗೆ ತುರುಕಿದಳು. ಸ್ವಲ್ಪ ಗಾಳಿ ನಿಂತಿತು. ಅಷ್ಟು ಉಪಕಾರವಾಯಿತು, ಇಲ್ಲ ಎನ್ನಬಾರದು.

ಹೀಗಿರುವಾಗ ಒಂದು ದಿನ ಅವಳಿಗೆ ಜ್ವರ ಬಂತು. ಏಳಲಾಗಲಿಲ್ಲ. ಗಂಡ ಕುರ್ಚಿ ನಿಲ್ಲಿಸಿ ಬರುವಂತಿಲ್ಲ, ಜಾರುವವರ ಸಾಲು ನಿಂತಿದೆ. ಸುದ್ದಿ ತಿಳಿದ ಸಾಹುಕಾರ ಎದೆಯ ಮೇಲೆ ಕೈ ಇಟ್ಟುಕೊಂಡು, “ಅಯ್ಯೋ, ಪೈಪಿನ ಗತಿ ಏನು!” ಎಂದ. ನೋಡಿ, ಬಾಯಿಂದ ಮೊದಲು ಬಂದ ಮಾತೇ ಮನುಷ್ಯನ ಜಾತಕ. ಬೇರೆ ಯಾರಿಗೂ ಐವತ್ತು ಮನೆಗಳ ಒಲೆಯ ರೂಢಿ ಇಲ್ಲ. ಎಲ್ಲರೂ ಹೋಟೆಲಿನಲ್ಲಿ ಬಿಡುವಿಲ್ಲದೆ ಇದ್ದಾರೆ. ಕೊನೆಗೆ ಬೀಗದ ಕೈಗಳ ಗೊಂಚಲು ತರಿಸಿಕೊಂಡು, ಸೌದೆ ಹೊತ್ತುಕೊಂಡು, ಸಾಹುಕಾರನೇ ಗುಡ್ಡ ಹತ್ತಿದ.

ಮೊದಲ ಮನೆಯಲ್ಲಿ ಬೆಂಕಿ ಹತ್ತಲಿಲ್ಲ, ಬರೀ ಹೊಗೆ. ಎರಡನೆಯ ಮನೆಯಲ್ಲಿ ಬೆಂಕಿ ಹತ್ತಿತು, ಜೊತೆಗೆ ಅರ್ಧ ಮೀಸೆಗೂ ಹತ್ತಿತು. ಮೂರನೆಯದರಲ್ಲಿ ಬಗ್ಗಿ ಊದಿ ಊದಿ ತಲೆ ಸುತ್ತಿ ಕುಳಿತ. ಆರನೆಯ ಮನೆಯ ಹೊತ್ತಿಗೆ ಒಲೆ ಹಚ್ಚುವ ವಿದ್ಯೆ ಬಂತು, ಸೊಂಟ ಮಾತ್ರ ಹೋಯಿತು. ಹನ್ನೆರಡನೆಯ ಮನೆಯಲ್ಲಿ ಬೆಂಕಿ ಚೆನ್ನಾಗಿ ಹತ್ತಿತು. ಸಾಹುಕಾರ ಸುಧಾರಿಸಿಕೊಳ್ಳಲು ಕೂತ. ಹಾಸಿಗೆ ಹಾಸಿದೆ, ದಪ್ಪ ರಗ್ಗು ಮಡಚಿಟ್ಟಿದೆ, ಮಂಚದ ಕೆಳಗೆ ಎರಡು ಜೊತೆ ಮೆತ್ತನೆಯ ಚಪ್ಪಲಿ. ಕೋಣೆ ಮೆಲ್ಲಗೆ ಬೆಚ್ಚಗಾಗುತ್ತಿದೆ. ಯಾರಿಗಾಗಿ? ಒಬ್ಬ ನರಪಿಳ್ಳೆಯೂ ಇಲ್ಲ. ಮಂಚ ಬೆಚ್ಚಗಾಯಿತು, ಕುರ್ಚಿ ಬೆಚ್ಚಗಾಯಿತು, ಚಪ್ಪಲಿಯೂ ಬೆಚ್ಚಗಾಯಿತು. ಸಾಹುಕಾರನಿಗೆ ಏನೋ ಕಸಿವಿಸಿಯಾಯಿತು. ಅದೇನೆಂದು ಅವನಿಗೆ ತಿಳಿಯಲಿಲ್ಲ. ಸುಸ್ತಿರಬೇಕು ಎಂದುಕೊಂಡ.

ಹದಿಮೂರನೆಯ ಮನೆಯ ಬೀಗ ತೆಗೆಯಲು ಬರಲಿಲ್ಲ. ಅದರ ಮರ್ಮ ಕೇಳೋಣವೆಂದು ಶೆಡ್ಡಿಗೆ ಇಳಿದು ಬಂದ. ಶೆಡ್ಡು ಕಟ್ಟಿಸಿದವನು ಅವನೇ, ಆದರೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಹದಿನೇಳು ಜನ ಗೆಳತಿಯರು ಕೆಲಸಕ್ಕೆ ಹೋಗುವಾಗ ಒಂದೊಂದು ಕಂಬಳಿ, ಒಂದೊಂದು ಸ್ವೆಟರು ಅವಳ ಮೇಲೆ ಹೊದಿಸಿ ಹೋಗಿದ್ದರು. ಆ ರಾಶಿಯೊಳಗೆ ಅವಳು ನಡುಗುತ್ತಿದ್ದಳು. ತಲೆದೆಸೆಯಲ್ಲಿ ನೀರಿನ ತಂಬಿಗೆ. ಸಾಹುಕಾರ ಎತ್ತಿ ಬಗ್ಗಿಸಿದ, ನೀರು ಬೀಳಲಿಲ್ಲ. ಗಡ್ಡೆ ಕಟ್ಟಿತ್ತು. ಜ್ವರ ಬಂದವಳು ಬಾಯಾರಿ ಮಲಗಿದ್ದಾಳೆ, ಪಕ್ಕದಲ್ಲಿರುವ ನೀರು ಕುಡಿಯಲು ಬರುವಂತಿಲ್ಲ!

“ತಂಗೀ, ಹದಿಮೂರನೇ ಮನೀ ಬಾಗ್ಲಾ...” ಎಂದು ಶುರು ಮಾಡಿದವನು ತಂಬಿಗೆಯನ್ನು ಕೆಳಗಿಟ್ಟ.

ಅವಳು ಕಂಬಳಿಯ ರಾಶಿಯಿಂದ ಮುಖ ಹೊರಗೆ ಹಾಕಿದಳು. ಅವನ ಮಸಿ ಮೆತ್ತಿದ ಮುಖ, ಅರ್ಧ ಸುಟ್ಟ ಮೀಸೆ ನೋಡಿ ಆ ಜ್ವರದಲ್ಲೂ ನಕ್ಕಳು. ನಗುತ್ತಲೇ ಹೇಳಿದಳು:

“ಸಾವ್ಕಾರ್ರ, ನನ್ನನ್ನೂ ಒಂದು ಪೈಪು ಅಂತ ತಿಳ್ಕೊಂಡಬಿಡ್ರಿ.”

ಅಷ್ಟೇ ಹೇಳಿದ್ದು. ಬೈಯಲಿಲ್ಲ, ಅಳಲಿಲ್ಲ. ಸಾಹುಕಾರ ಅಲ್ಲೇ ಕೂತು ಮಗುವಿನಂತೆ ಅತ್ತ. ಆಮೇಲೆ ಓಡಿ ಹೋಗಿ ಒಂದು ಕಬ್ಬಿಣದ ಒಲೆಯನ್ನು ತಾನೇ ಹೊತ್ತು ತಂದು ಶೆಡ್ಡಿನಲ್ಲಿ ಹೂಡಿದ. ವಿದ್ಯೆ ಈಗಷ್ಟೇ ಕಲಿತಿದ್ದನಲ್ಲ, ಒಂದೇ ಕಡ್ಡಿಗೆ ಹೊತ್ತಿಸಿದ. ನೀರು ಕಾಸಿ ಕುಡಿಸಿದ. ವೈದ್ಯರನ್ನು ಕರೆಸಿದ. ಆಮೇಲೆಯೇ ಉಳಿದ ಮನೆಗಳ ಒಲೆಗೆ ಹೋದ.

ಕಥೆ ಇಲ್ಲಿಗೆ ಮುಗಿಯಿತೆಂದು ಕೆಲವರು ಕೈಚೀಲ ಹುಡುಕುತ್ತಿದ್ದೀರಿ. ಕೂತುಕೊಳ್ಳಿ. ಅತ್ತ ಮಾತ್ರಕ್ಕೆ ಮುಗಿಯುವುದಾದರೆ ಈ ಲೋಕ ಎಂದೋ ಉದ್ಧಾರವಾಗುತ್ತಿತ್ತು.

ಜ್ವರ ಇಳಿದ ಮೇಲೆ ಸಾಹುಕಾರ ಗಂಡ ಹೆಂಡತಿಯನ್ನು ಕರೆದು, ಮಾರದೆ ಇಟ್ಟ ಹತ್ತು ಮನೆಗಳಲ್ಲಿ ಒಂದರ ಬೀಗದ ಕೈ ಮುಂದೆ ಹಿಡಿದ. “ತಗೋರಿ. ಪುಕ್ಕಟೆ ಇರ್ರಿ. ಧರ್ಮಕ್ಕ ಕೊಟ್ಟೀನಿ.”

ಗಂಡ ಕೈ ಚಾಚಿದ. ಹೆಂಡತಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ನಾಲ್ಕು ವರ್ಷದಿಂದ ಕಾಯುತ್ತಿದ್ದ ಬಾಗಿಲು ಕಣ್ಣ ಮುಂದೆ ಇದೆ, ಒಂದು ಮಾತು ತಪ್ಪಿದರೆ ಹೋಗಿಬಿಡುತ್ತದೆ. ಆದರೂ ಹೇಳಿದಳು:

“ಧರ್ಮಕ್ಕ ಬ್ಯಾಡ್ರಿ ಸಾವ್ಕಾರ್ರ. ಇವತ್ತ ನಿಮಗ ಕರುಣಾ ಬಂದೈತಿ, ಕೊಡ್ತೀರಿ. ನಾಳೆ ಸಿಟ್ಟ ಬರ್ತೈತಿ, ಬಿಟ್ಟ ನಡೀರಿ ಅಂತೀರಿ. ಮತ್ತ ನಮ್ಮಿಬ್ಬರಿಗೇ ಕೊಟ್ರ, ಶೆಡ್ಡಿನ್ಯಾಗ ಉಳಿದವರ ಮಾರಿ ನಾ ಹೆಂಗ ನೋಡ್ಲಿ? ಬಾಡಿಗಿ ಹಿಡಿಯೂವಷ್ಟು ಪಗಾರ ಎಲ್ಲಾರಿಗೂ ಕೊಡ್ರಿ. ಬಾಡಿಗಿ ನಾವು ಕೊಡ್ತೀವಿ. ನಮ್ಮ ಮನಿ ಬಾಗ್ಲಾ ನೀವು ಬಡೀಬೇಕು, ನಾವು ತೆಗೀಬೇಕು.”

ಸಾಹುಕಾರನಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ? ಪುಣ್ಯ ಕೈಗೆ ಬಂದು ಜಾರಿ ಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಬೀಗದ ಕೈ ಕಿಸೆಗೆ ಹಾಕಿಕೊಂಡು ಎದ್ದು ಹೋದ. ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ಆ ಮೂರು ದಿನ ಹೆಂಡತಿಗೆ ಊಟ ಸೇರಲಿಲ್ಲ. ಕಿಟಕಿಯಿಂದ ಗಂಡ “ಉಂಡೇನ?” ಎಂದರೆ ಸುಮ್ಮನೆ ತಲೆಯಾಡಿಸಿ ಹೋಗುತ್ತಿದ್ದಳು.

ನಾಲ್ಕನೆಯ ದಿನ ಸಾಹುಕಾರ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದ. ಅವಳು ಸೌದೆ ಇಳಿಸಿ ಹಿಂದೆ ನಿಂತಳು. ಈ ಸಲ ಅವನು ಬೆಟ್ಟ ತೋರಿಸಲಿಲ್ಲ. “ನನಗ ಸಿಟ್ಟ ಬಂದಿತ್ತು. ಅಕಿ ಹೇಳಿದಂಗ ಬಂದಿತ್ತು. ಅದಕ್ಕ ಅಕಿ ಹೇಳಿದ್ದ ಖರೆ ಅಂತ ತಿಳೀತು” ಎಂದ. ಎಲ್ಲರ ಪಗಾರ ಹೆಚ್ಚಿಸಿದ. ಹತ್ತೂ ಮನೆಗಳನ್ನು ಆ ಪಗಾರಕ್ಕೆ ನಿಲುಕುವ ಬಾಡಿಗೆಗೆ ಕರಾರುಪತ್ರ ಬರೆದು ಅವರಿಗೇ ಬಿಟ್ಟುಕೊಟ್ಟ. ಉಳಿದವರಿಗಾಗಿ ಶೆಡ್ಡು ಕೆಡವಿ ಕೋಣೆ ಕಟ್ಟಿಸಲು ಕಲ್ಲು ತರಿಸಿದ. ಸಾಹುಕಾರ ದಿವಾಳಿಯಾದನೇ ಎಂದು ನಿಮಗೆ ಚಿಂತೆ. ಆಗಲಿಲ್ಲ. ಇನ್ನೊಂದು ಹೋಟೆಲು ಕಟ್ಟಬೇಕೆಂದಿದ್ದ, ಅದು ನಿಂತಿತು, ಅಷ್ಟೇ.

ಗಂಡ ಹೆಂಡತಿ ತಮ್ಮ ಮನೆಗೆ ಹೋದ ದಿನ ಏನಾಯಿತು ಗೊತ್ತೇ? ಸಾಹುಕಾರ ಒಂದು ಪಾತ್ರೆ ಪಾಯಸ ಹಿಡಿದು ಬಂದು ಬಾಗಿಲು ಬಡಿದ. ತೆರೆಯಲಿಲ್ಲ. ಮತ್ತೆ ಬಡಿದ. ಒಳಗಿನಿಂದ ನಗು ಕೇಳಿಸಿತು, ಚಿಲಕ ಮಾತ್ರ ಸರಿಯಲಿಲ್ಲ. ಮೇಲಿಂದ ಹಿಮ ಬೀಳುತ್ತಿದೆ. ಊರಿನ ಧಣಿ, ಕೈಯಲ್ಲಿ ಪಾಯಸ, ತಲೆಯ ಮೇಲೆ ಹಿಮ, ಬಾಡಿಗೆದಾರರ ಬಾಗಿಲ ಹೊರಗೆ ನಿಂತಿದ್ದಾನೆ! ಹಾದು ಹೋಗುತ್ತಿದ್ದ ಅಡುಗೆಯವನು, “ಪಾಯಸ ಆರತೈತಿ, ನನಗರ ಕೊಡ್ರಿ” ಎಂದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಪಾಯಸ ಹಂಚಿಕೊಂಡು ತಿಂದರು. ಅಷ್ಟು ರುಚಿಯಾದ ಪಾಯಸವನ್ನು ಸಾಹುಕಾರ ಜನ್ಮದಲ್ಲಿ ತಿಂದಿರಲಿಲ್ಲವಂತೆ.

ಈಗ ನಿಮ್ಮ ಸರದಿ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ನಾವು ಬಚಾವು ಎಂದುಕೊಂಡಿರಾ? ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆ ಎಲ್ಲಿ ಮಲಗುತ್ತಾಳೆ, ಎಷ್ಟು ದೂರ ನಡೆದು ಬರುತ್ತಾಳೆ, ಗೊತ್ತೇ? ತೊಳೆದ ಕಾರಿನ ಮೇಲೆ ಒಂದು ಹನಿ ನೀರು ನಿಂತರೂ ತಿಳಿಯುತ್ತದೆ, ತೊಳೆದವನ ಕೈ ಒಡೆದದ್ದು ತಿಳಿಯುವುದಿಲ್ಲ. ಹಳೆಯ ಸೀರೆ ಕೊಟ್ಟೆವು, ಉಳಿದ ಹೋಳಿಗೆ ಕೊಟ್ಟೆವು, ನಮ್ಮ ಮನೆಯವಳಂತೆ ನೋಡಿಕೊಂಡೆವು ಎನ್ನುತ್ತೀರಿ. ಒಳ್ಳೆಯದು, ಸೀರೆ ಕೊಡಿ. ಆದರೆ ಅದನ್ನು ಪಗಾರದ ಬದಲು ಕೊಡಬೇಡಿ. ನಾಳೆ ಬೆಳಿಗ್ಗೆ ಮೊದಲ ಚಹಾ ಕುಡಿಯುವ ಮುನ್ನ ಅವಳನ್ನು ಕೂರಿಸಿ ಕೇಳಿ: ಬಾಡಿಗೆ ಎಷ್ಟು, ನಾವು ಕೊಡುವುದರಲ್ಲಿ ಬದುಕು ನಡೆಯುತ್ತದೆಯೇ? ಅವಳು ಬಾಯಿ ಬಿಡುವ ಮೊದಲೇ ನೀವು ಹೆಚ್ಚಿಸಿ. ಅಂಗಡಿ ಇದ್ದವರು, ಕಲ್ಯಾಣಮಂಟಪ ಇದ್ದವರು, ನಿಮ್ಮ ಕೆಲಸದವರು ಉಳಿಯುವ ಜಾಗಕ್ಕೆ ಒಮ್ಮೆ ನೀವೇ ಹೋಗಿ, ಅಲ್ಲಿ ಕೂತು ಒಂದು ತಂಬಿಗೆ ನೀರು ಕುಡಿದು ಬನ್ನಿ. ವಾರಕ್ಕೊಂದು ರಜೆ ಕೊಡಿ. ರಜೆ ಕೊಟ್ಟು ಪಗಾರ ಮುರಿಯಬೇಡಿ.

ನಿಮಗಷ್ಟೇ ಹೇಳಿದರೆ ಕಾವಿ ಉಟ್ಟ ನಾನು ತಪ್ಪಿತಸ್ಥ. ಹತ್ತೊಂಬತ್ತು ದಿನದಿಂದ ನನ್ನ ಮಾತು ನಿಮ್ಮ ಕಿವಿಗೆ ಮುಟ್ಟುತ್ತಿರುವುದು ಯಾರಿಂದ? ಅಗೋ ಆ ಕಂಬದ ಪಕ್ಕ ಕೂತ ಮೈಕಿನ ದಾವಲಸಾಬರಿಂದ. ದಾವಲಸಾಬ, ಎಷ್ಟೊತ್ತಿಗೆ ಬಂದೀರಿ?

“ಆರಕ್ಕ ಬಂದೀನ್ರಿ ಅಜ್ಜಾರ.”

ಉಂಡೀರೇನು?

“ನಿಮ್ಮ ಮಾತು ಮುಗೀಲಿ ತಗೋರಿ, ಉಣ್ತೀನಿ.”

ಕೇಳಿದಿರಾ? ಹತ್ತೊಂಬತ್ತು ದಿನ! ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಪ್ರವಚನ ಕಮಿಟಿಯ ಅಧ್ಯಕ್ಷರೇ, ಇವರಿಗೆ ದಿನಕ್ಕೆ ಏನು ಕೊಡ್ತೀರಿ?

“ನಾಲ್ಕು ವರ್ಷದ ಹಿಂದಿನ ರೇಟ ಐತ್ರಿ ಬುದ್ಧಿ. ಅವರು ಭಕ್ತಿಯಿಂದ ಮಾಡ್ತಾರ್ರಿ.”

ಭಕ್ತಿಯಿಂದ! ಭಕ್ತಿ ಅವರದು, ಉಳಿತಾಯ ನಮ್ಮದು. ನಗಬೇಡಿ, ಅಧ್ಯಕ್ಷರ ಜೊತೆ ನಾನೂ ತಲೆ ತಗ್ಗಿಸಬೇಕು. ಅಧ್ಯಕ್ಷರೇ, ರೇಟು ಇವತ್ತಿನದಾಗಲಿ, ಮೊದಲ ದಿನದಿಂದ ಲೆಕ್ಕ ಹಿಡಿದು ಕೊಡಿ. ಹೂಂ ಅಂದಿರಾ? ಜೋರಾಗಿ ಅನ್ನಿ, ತಾಯಂದಿರಿಗೆ ಕೇಳಿಸಲಿಲ್ಲ. ಸರಿ, ಈಗ ಕೇಳಿಸಿತು.

ದಾವಲಸಾಬ, ಮೈಕು ಬಂದ್ ಮಾಡ್ರಿ. ಏಳ್ರಿ, ಕೈ ತೊಳಕೊಳ್ರಿ. ಪೆಂಡಾಲು ಹಾಕಿದವರನ್ನೂ ಕರೀರಿ, ಹಿಂದ ಪಾತ್ರಿ ತಿಕ್ಕಾಕತ್ತಿದ್ದ ತಾಯಂದಿರನ್ನೂ ಕರೀರಿ. ಇವತ್ತು ಮೊದಲನೇ ಪಂಕ್ತಿ ನಿಮ್ಮದು. ಅಧ್ಯಕ್ಷರು ಅನ್ನ ಬಡಸ್ತಾರ, ನಾ ಸಾರಿನ ಬಕೀಟು ಹಿಡೀತೀನಿ. ಉಳಿದವರು ಹಸಿವಾದ್ರ ಕಾಯ್ರಿ.