ಕೆಮ್ಮಿಗೊಂದು ಕೋಡ್, ಏಟಿಗೊಂದು

ಆಸ್ಪತ್ರೆಯ ದಾಖಲೆ ಕಿಟಕಿಯ ಸಾಲಿನಲ್ಲಿ ನಿಂತಿದ್ದ ಅಜ್ಜಿಯ ಕಿವಿಗೆ ಮುಂದಿದ್ದ ಗಂಡ-ಹೆಂಡಿರ ಮಾತು ಬಿತ್ತು.

“ಇವಳಿಗೆ ಹಳೇ ಬ್ರಾಂಕೈಟಿಸ್ ಮೇಡಂ. ಕೆಮ್ಮಿ ಕೆಮ್ಮಿ ಪಕ್ಕೆಲುಬು ಮುರ್ಕೊಂಡಿದ್ದಾಳೆ. ಹಾಗೇ ಬರ್ಕೊಳ್ಳಿ,” ಎಂದ ಗಂಡ.

“ದಾಖಲೆಗೆ ಕೆಮ್ಮಿಗೊಂದು ಕೋಡ್ ನಂಬರು, ಏಟಿಗೊಂದು ಕೋಡ್ ನಂಬರು ಇದೆ,” ಎಂದಳು ಕಿಟಕಿಯೊಳಗೆ ಬರೆದುಕೊಳ್ಳುತ್ತಿದ್ದ ಹುಡುಗಿ. “ಕುತ್ತಿಗೆ ಮೇಲೆ ಬೆರಳಿನ ಗುರುತು ಹೇಗ್ ಬಂತು?”

“ನಿಂಗ್ಯಾಕೆ ಊರ ಉಸಾಬರಿ? ಹೇಳಿದ್ದು ಬರಿ!”

ಅವನು ಗುದ್ದಿದ ರಭಸಕ್ಕೆ ಕಿಟಕಿಯ ಗಾಜು ಒಡೆಯಿತು, ಮುಷ್ಟಿಯಿಂದ ರಕ್ತ ಸುರಿಯಿತು.

“ಅಕ್ಕಾ, ನೀವೇ ಹೇಳಿ,” ಎಂದಳು ಹುಡುಗಿ, ಹೆಂಡತಿಯತ್ತ ತಿರುಗಿ.

“ಬಾಯ್ಬಿಟ್ರೆ ಇನ್ನೊಂದು ಮುರೀತೀನಿ!”

ಹೆಂಡತಿ ಗೋಡೆ ಹಿಡಿದುಕೊಂಡಳು. “ಕೆಮ್ಮು ನಂದೇ ತಾಯಿ. ಕೆಮ್ಮಿ ನಿದ್ದೆ ಕೆಡಿಸ್ತೀನಿ ಅಂತ ಒದ್ದಿದ್ದು ಇವನು. ಎರಡೂ ಬರ್ಕೊಳ್ಳಿ.”

ಗಾಜಿನ ಸದ್ದಿಗೆ ಓಡಿಬಂದ ಆಸ್ಪತ್ರೆಯ ಕಾವಲುಗಾರರು ಅವನನ್ನು ಹೊರಗೆ ದರದರನೆ ಎಳೆದೊಯ್ದರು. ಅವಳು ಪಕ್ಕೆಯನ್ನು ಒತ್ತಿ ಹಿಡಿದು, ಯಾರ ಹಂಗೂ ಇಲ್ಲದೆ ಗಟ್ಟಿಯಾಗಿ ಕೆಮ್ಮುತ್ತ ವಾರ್ಡಿನತ್ತ ನಡೆದಳು.