ಮೊಂಡಪ್ಪನ ಭರ್ಜಿ ಚಿಗುರಿದ್ದು

“ಹಲೋ… ಹಲೋ, ಯಾರು ಮಾತಾಡ್ತಿರೋದು?… ಅಕ್ಕಾ? ನೀನಾ?… ಇದು ಭಾವನ ನಂಬರ್ ಅಲ್ವಾ? ಅವರ ಫೋನು ನಿನ್ನ ಕೈಗೆ ಹೇಗೆ ಬಂತು?… ಹಾಂ… ಸ್ನಾನಕ್ಕೆ ಹೋಗಿದ್ದಾರಾ? ಸರಿ ಸರಿ.”

ಸರಿ ಎಂದನೇ ಹೊರತು ಅವನಿಗೆ ಯಾವುದೂ ಸರಿ ಅನ್ನಿಸಲಿಲ್ಲ. ಒಂಬತ್ತಕ್ಕೆ ಫೋನ್ ಮಾಡಿದಾಗ ಭಾವ ಎತ್ತದೆ, ‘ಸ್ನಾನಕ್ಕೆ ಹೊರಟೆ’ ಎಂದು ಮೆಸೇಜು ಹಾಕಿದ್ದರು. ಈಗ ಹನ್ನೆರಡೂವರೆ. ಮನುಷ್ಯ ಮೂರೂವರೆ ಗಂಟೆ ಹೊತ್ತು ನೀರಲ್ಲಿರುತ್ತಾನೆಯೇ? ಭಾವ ಮನುಷ್ಯನೋ ಮೀನೋ? ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. ಎದುರಿನ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು ಒಣಗುತ್ತಿದ್ದವು. ಊರಿನ ಮೂವರು ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕೆಲಸ.

“ಒಂದು ಮಾತು ಕೇಳ್ತೀನಿ ಅಕ್ಕಾ, ನೇರವಾಗಿ ಹೇಳು. ಹಳ್ಳಿ ಆಯ್ತಾ?… ಯಾವ ಹಳ್ಳಿ ಅಂದ್ರೆ? ಭಾವ ಮಾಡ್ತಿರೋ ರಟ್ಟಿನ ಹಳ್ಳಿ! ಹದಿನಾಲ್ಕು ಮನೆ, ಒಂದು ಸೇತುವೆ… ಆಗಿದೆಯಾ? ನೀನು ಕಣ್ಣಾರೆ ನೋಡಿದೀಯಾ?… ಫೋಟೋದಲ್ಲಿ ಅಲ್ಲ ಕಣೇ, ಮೇಜಿನ ಮೇಲೆ… ಹಾಂ? ಕುಕ್ಕರ್ ಕೂಗ್ತಾ? ಕೂಗಲಿ ಬಿಡು, ಅದರ ಕೆಲಸವೇ ಅದು. ನೀನು ಉತ್ತರ ಹೇಳು.”

ಈ ಭಾವ-ಮೈದುನರ ಹುಚ್ಚನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಒಂದಿಂಚು ಎತ್ತರದ ಸಿಪಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕಿ ಯುದ್ಧ ಆಡುವ ಸಂಘವೊಂದು ಅವರ ಊರಲ್ಲಿತ್ತು. ನಲವತ್ತು ದಾಟಿದ ಗಂಡಸರು, ಹೆಂಡತಿಯರ ಕೈಲಿ ಬೈಸಿಕೊಂಡೂ ಬಿಡದೆ ಭಾನುವಾರ ಸೇರುವ ಸಂಘ. ಸಿಪಾಯಿಗಳಿಗೆ ಹೊಡೆದಾಡಲು ನೆಲ ಬೇಕಲ್ಲ, ಅದಕ್ಕೇ ವರ್ಷಕ್ಕೊಮ್ಮೆ ರಣಭೂಮಿ ಕಟ್ಟುವ ಸ್ಪರ್ಧೆ. ಹನ್ನೆರಡು ವರ್ಷದಿಂದ ಇವರಿಬ್ಬರದೂ ಒಂದೇ ಮೇಜು. ಬೆಟ್ಟ, ಹೊಳೆ ಇರುವ ಅರ್ಧ ಇವನದು, ಹಲ್ಲಿಗೆ ಬಳಸಿ ಉಳಿದ ಪ್ಲಾಸ್ಟರಿನಲ್ಲಿ. ಹಳ್ಳಿ ಇರುವ ಅರ್ಧ ಭಾವನದು. ಭಾವ ಬೂಟಿನ ಅಂಗಡಿಯಲ್ಲಿದ್ದರು, ರಟ್ಟಿನ ಡಬ್ಬಗಳಿಗೆ ಬರವಿರಲಿಲ್ಲ. ಇವನ ಅರ್ಧ ಇವನ ಕೋಣೆಯಲ್ಲಿ, ಅವರ ಅರ್ಧ ಅವರ ಮನೆಯಲ್ಲಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಹಾಲಿನಲ್ಲಿ ಎರಡೂ ಕೂಡಬೇಕು.

“ನಾಳೆ ಎಂಟಕ್ಕೆ ವ್ಯಾನ್ ತರ್ತೀನಿ, ಬಾಗಿಲು ತೆಗೆದ್ರೆ ಮೇಜು ಖಾಲಿ ಇದ್ರೆ ನನ್ನ ಗತಿ ಏನು ಹೇಳು… ಅನುಮಾನ ಅಂದ್ರೆ ಅನುಮಾನವೇ. ಹೌದು. ಮಂಗಳವಾರ ಭಾವ ಕಳಿಸಿದ ಫೋಟೋದಲ್ಲಿ ಸೇತುವೆಗೆ ಐದು ಕಮಾನು. ಗುರುವಾರ ಆರು… ಇನ್ನೊಂದು ಸೇರಿಸಿರಬಹುದಾ? ಅಕ್ಕಾ, ಸೇತುವೆ ಏನು ನಿನ್ನ ಲಂಗವಾ, ಉದ್ದ ಸಾಲದಿದ್ರೆ ಅಂಚು ಕೊಟ್ಟು ಹೊಲಿಯೋಕೆ?”

…

“ನಗಬೇಡ. ನಗೋ ವಿಷಯ ಅಲ್ಲ ಇದು… ಸರಿ, ಕಮಾನು ಬಿಡು. ನನ್ನ ಕಣ್ಣೇ ತಪ್ಪಿರಬಹುದು. ಮೊಂಡಪ್ಪನ ಕಥೆ ಏನು?”

ಅತ್ತ ನಗು ಕೆಮ್ಮಿಗೆ ತಿರುಗಿತು. ಇವನ ಕಿವಿ ನೆಟ್ಟಗಾಯಿತು.

ಮೊಂಡಪ್ಪ ಎಂದರೆ ಅಳತೆಯ ಸಿಪಾಯಿ. ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಕಟ್ಟುವುದರಿಂದ, ಭಾವ ಯಾವ ರಟ್ಟಿನ ಮನೆಯ ಫೋಟೋ ಕಳಿಸಿದರೂ ಬಾಗಿಲ ಪಕ್ಕ ಆ ಒಬ್ಬ ಸಿಪಾಯಿಯನ್ನು ನಿಲ್ಲಿಸಲೇಬೇಕೆಂದು ಅವರೇ ಮಾಡಿಕೊಂಡ ನಿಯಮ. ಬಾಗಿಲು ಎತ್ತರವೋ ಕುಳ್ಳೋ ಎಂಬುದು ಅವನನ್ನು ನೋಡಿದರೆ ತಿಳಿಯುತ್ತದೆ. ಅವನ ಭರ್ಜಿ ಮೊದಲ ವರ್ಷವೇ ಅರ್ಧಕ್ಕೆ ಮುರಿದಿತ್ತು, ಹಾಗಾಗಿ ಆ ಹೆಸರು.

“ಗುರುವಾರದ ಫೋಟೋದಲ್ಲಿ ಮೊಂಡಪ್ಪನ ಕೈಲಿ ಪೂರ್ತಿ ಭರ್ಜಿ ಇದೆ ಅಕ್ಕಾ. ತುದಿ ಮಿಂಚ್ತಾ ಇದೆ! ಹನ್ನೊಂದು ವರ್ಷದಿಂದ ಮೊಂಡಾಗಿದ್ದ ಭರ್ಜಿ ಈಗ ಚಿಗುರಿತಾ? ಅದೇನು ನುಗ್ಗೆಮರವಾ?… ಭಾವ ಸರಿಮಾಡಿರಬಹುದಾ? ಯಾಕೆ ಮಾಡ್ತಾರೆ? ಅದು ಹಾಗೇ ಇರಲಿ, ಅದೃಷ್ಟ ಅಂದವರೇ ಅವರು… ಏನು? ಗಟ್ಟಿಯಾಗಿ ಹೇಳು, ನೀನು ಯಾಕೆ ಹಿಂಗೆ ಪಿಸುಗುಡ್ತಿದೀಯಾ?”

…

“ನನ್ನ ಕಿವಿಗೆ ಹೂ ಇಡಬೇಡ. ಆ ಚಿತ್ರ ಮಾಡೋ ಎಐ ಇದೆಯಲ್ಲ, ಅದರ ಚಾಳಿ ನಂಗೂ ಗೊತ್ತು. ಹೋದ ತಿಂಗಳು ನಾನೂ ಕೂತು ನೋಡಿದೀನಿ. ಬೆಟ್ಟದ ಮೇಲೊಂದು ಕೋಟೆ, ಬಾಗಿಲಲ್ಲಿ ಕುದುರೆ ಸವಾರ ಅಂತ ಬರೆದೆ. ಕೋಟೆ ಅಂದ್ರೆ ಕೋಟೆ, ಕಣ್ಣು ಕೀಳೋಕಾಗದ ಹಾಗೆ ಮಾಡಿಕೊಡ್ತು. ಕುದುರೆಗೆ ಮಾತ್ರ ಐದು ಕಾಲು. ಐದು ಕಾಲು ಯಾಕಪ್ಪಾ ಅಂತ ಕೇಳಿದ್ರೆ, ಕ್ಷಮಿಸಿ ಅಂದು ಮೂರು ಕಾಲಿಂದು ಕೊಡ್ತು… ಹಾಂ, ನಗು. ಆದ್ರೆ ಒಂದು ಕಂಡ್ಕೊಂಡೆ. ಮುರಿದಿದ್ದು ಅಂದ್ರೆ ಅದಕ್ಕೆ ಆಗಿಬರಲ್ಲ. ಮುರಿದ ಗೋಡೆ ಕೊಟ್ರೂ ಕಟ್ಟಿಬಿಡುತ್ತೆ, ಹರಿದ ಬಾವುಟ ಕೊಟ್ರೂ ಹೊಲಿದುಬಿಡುತ್ತೆ. ಅದಕ್ಕೇ ಕೇಳ್ತಿರೋದು. ಆ ಫೋಟೋ ಮಾಡಿದ್ದು ಯಾರು?”

…

“ನಾನಲ್ಲ ಅಂತೀಯಾ? ನಿನ್ನ ಹೆಸರು ನಾನೆಲ್ಲಿ ಹೇಳಿದೆ ಅಕ್ಕಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಳ್ತೀಯಾ?”

ಅಕ್ಕ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಈ ವರ್ಷದಿಂದ ಹೂಬಳ್ಳಿಯ ಡಿಸೈನುಗಳನ್ನೆಲ್ಲ ಫೋನಿನಲ್ಲೇ ಎಐ ಕೈಲಿ ಬಿಡಿಸಿಕೊಳ್ಳುತ್ತಿದ್ದಳು. ಇದು ಇವನಿಗೆ ಇಷ್ಟು ಹೊತ್ತು ಹೊಳೆದಿರಲಿಲ್ಲ. ಹೊಳೆದದ್ದೇ ತಡ, ಸಂಶಯಕ್ಕೆ ರೆಕ್ಕೆಪುಕ್ಕ ಎಲ್ಲ ಬಂದವು. ಕೂತಲ್ಲಿಂದ ಎದ್ದು ದವಡೆಗಳ ಮುಂದೆ ಅತ್ತಿತ್ತ ತಿರುಗತೊಡಗಿದ.

“ಅಂದ್ರೆ ಮನೆಗಳೇ ಇಲ್ಲ. ಅಲ್ವಾ? ಎಂಟು ವಾರದಿಂದ ನೀವಿಬ್ಬರೂ ಸೇರಿ ನಂಗೆ ಬರೀ ಚಿತ್ರ ಕಳಿಸ್ತಿದ್ರಿ. ನಾನು ಇಲ್ಲಿ ಬೆಪ್ಪನ ಹಾಗೆ ‘ಆಹಾ ಭಾವ, ಓಹೋ ಭಾವ’ ಅಂತ ಹೊಗಳ್ತಾ ಕೂತೆ… ತಡಿ, ನಂಗೆ ಮಾತಾಡೋಕೆ ಬಿಡು. ಆ ಫೋಟೋಗಳನ್ನ ನಾನು ಸ್ಪರ್ಧೆಗೆ ಕಳಿಸಿಯಾಗಿದೆ, ಇಬ್ಬರ ಹೆಸರಲ್ಲೂ! ಕೈಯಲ್ಲಿ ಮಾಡಿದ್ದು ಅಂತ ಮಷೀನ್ ಚಿತ್ರ ತೋರಿಸಿದ್ರೆ ಮೂರು ವರ್ಷ ಹೊರಗೆ. ತೀರ್ಪು ಕೊಡೋ ಸಂಘದ ಮೇಷ್ಟ್ರು ಎಂಥವರು ಗೊತ್ತಲ್ಲ, ಹೇನು ಹೆಕ್ಕೋ ಹಾಗೆ ತಪ್ಪು ಹೆಕ್ತಾರೆ. ಇವತ್ತು ಐದು ಗಂಟೆ ತನಕ ಫೋಟೋ ಬದಲಾಯಿಸೋಕೆ ಅವಕಾಶ ಇದೆ. ಆಮೇಲೆ ಮುಗೀತು. ಭಾವನ್ನ ಕರಿ… ಇನ್ನೂ ಸ್ನಾನವಾ? ನೀರು ಖಾಲಿ ಆಗಲ್ವಾ ನಿಮ್ಮನೇಲಿ?”

…

“ಭಾವ ನಮ್ಮ ಎದುರಾಳಿ ಆ ಗ್ಯಾರೇಜಿನವರ ಜೊತೆ ಸೇರ್ಕೊಂಡ್ರಾ? ನಿಜ ಹೇಳು. ಅವರ ಮೇಜಿಗೆ ಮನೆ ಮಾಡಿಕೊಡ್ತಿದ್ದಾರಾ?… ಆಣೆ ಎಲ್ಲಾ ಬೇಡ. ನೋಡು ಅಕ್ಕಾ, ಅನುಮಾನ ನಂಗೆ ಮೊದಲನೇ ಫೋಟೋದಲ್ಲೇ ಬರಬೇಕಿತ್ತು. ಅಷ್ಟು ನೆಟ್ಟಗಿನ ಗೋಡೆ ಭಾವನ ಕೈಲಿ ಬರೋಕುಂಟಾ? ಕಿಟಕಿ ಕೊಯ್ದ್ರೆ ಒಂದು ಆಕಾಶ ನೋಡುತ್ತೆ, ಒಂದು ಪಾತಾಳ ನೋಡುತ್ತೆ. ಪಾಪ, ಆಸೆ ಇದೆ ಅವರಿಗೆ, ಕೈ ಇಲ್ಲ. ಹನ್ನೆರಡು ವರ್ಷ ನಾನು ಹೇಗೆ ತಡ್ಕೊಂಡಿದೀನೋ ನಂಗೇ…”

ಅಲ್ಲಿಗೆ ಅವನ ಮಾತನ್ನು ಅಕ್ಕ ಕತ್ತರಿಸಿದಳು. ಹೇಳಿದ್ದು ನಾಲ್ಕೇ ಮಾತು. ಅವನು ತಿರುಗುವುದನ್ನು ನಿಲ್ಲಿಸಿದ.

“ಏನು?… ಸ್ಪೀಕರಲ್ಲಿ ಇದೆಯಾ?… ಯಾವಾಗಿಂದ?… ಮೊದಲಿಂದಲೂನಾ?… ಭಾವ ಅಲ್ಲೇ ಇದ್ದಾರಾ?”

…

ಆಡಿದ ಮಾತನ್ನು ನುಂಗಿಕೊಳ್ಳುವಂತಿದ್ದರೆ ಆ ಕ್ಷಣ ಅವನು ಅಷ್ಟನ್ನೂ ನುಂಗುತ್ತಿದ್ದ. ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತ.

“ಭಾವಾ?… ಭಾವ, ನಾನು ತಮಾಷೆಗೆ… ಅಕ್ಕಾ, ಅವರು ಮಾತಾಡ್ತಿಲ್ವಾ?… ಮುಖ ಆಕಡೆ ಮಾಡ್ಕೊಂಡು ಕೂತಿದ್ದಾರಾ? ಎಲ್ಲಿ?… ಮೇಜಿನ ಹತ್ರ. ಮೇಜಿನ ಮೇಲೆ ಏನಿದೆ?… ಮನೆಗಳು ಇದಾವಾ! ಎಷ್ಟು?… ಎಣಿಸು… ಹದಿನಾಲ್ಕೂ?… ಸೇತುವೆ?… ಐದೇ ಕಮಾನು. ಸರಿ. ಹಾಗಾದ್ರೆ ಆ ಫೋಟೋಗಳು…”

ಅಕ್ಕ ಈಗ ಪಿಸುಗುಟ್ಟಲಿಲ್ಲ. ನಿಧಾನವಾಗಿ, ಹೊಲಿಗೆ ಕ್ಲಾಸಿನಲ್ಲಿ ಪಾಠ ಹೇಳುವ ಧ್ವನಿಯಲ್ಲಿ ಹೇಳುತ್ತಾ ಹೋದಳು. ಅವನು ನಡುನಡುವೆ ಹೂಂ ಎಂದ.

“ಹೂಂ… ಫೋಟೋ ನಿಜವಾದ ಮನೆದೇ… ಹೂಂ… ತೆಗೆದು ನಿನ್ನ ಕೈಗೆ ಕೊಡೋರು… ‘ಇದನ್ನ ಸ್ವಲ್ಪ ನೆಟ್ಟಗೆ ಮಾಡಿಕೊಡು’ ಅಂತಾನಾ? ನೀನು ಮಷೀನಿಗೆ ಹಾಕಿ ನೆಟ್ಟಗೆ ಮಾಡಿಸಿದ್ಯಾ… ಅದು ಮನೆ ಜೊತೆ ಮೊಂಡಪ್ಪನ್ನೂ ರಿಪೇರಿ ಮಾಡ್ತು… ಹೂಂ. ಆದ್ರೆ ಯಾಕೆ ಅಕ್ಕಾ? ಸೊಟ್ಟ ಇದ್ರೆ ಸೊಟ್ಟ ಇರೋದೇ ಕಳಿಸಬಹುದಿತ್ತಲ್ಲ? ನಾನೇನು ಹೊರಗಿನವನಾ? ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ?”

…

…

“ಹೋದ ವರ್ಷವಾ? ಹೋದ ವರ್ಷ ನಮಗೆ ಮೊದಲನೇ ಬಹುಮಾನ ಬಂತು. ಕಪ್ಪು ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ವಿ. ಅದಕ್ಕೂ ಇದಕ್ಕೂ…”

ಹೇಳುತ್ತಾ ಹೇಳುತ್ತಾ ಅವನಿಗೆ ನೆನಪಾಯಿತು. ಹೋದ ವರ್ಷ ಸ್ಪರ್ಧೆಯ ಹಿಂದಿನ ದಿನ ಭಾವನ ಮನೆಗಳನ್ನೆಲ್ಲ ಬಣ್ಣ ಒಣಗಲೆಂದು ಇದೇ ಕೋಣೆಯಲ್ಲಿ ಇಟ್ಟಿದ್ದರು. ಕಿಟಕಿಗಳು ಒಂದೊಂದು ಒಂದೊಂದು ಕಡೆ ವಾಲಿದ್ದವು. ಇವನಿಗೆ ಕೈ ತುರಿಸಿತು. ಹಲ್ಲಿನ ಕೆಲಸಕ್ಕೆ ಮೇಣ ಕೆತ್ತುವ ಕತ್ತಿ ತೆಗೆದುಕೊಂಡು ಒಂದು ಕಿಟಕಿಯನ್ನು ನೇರ ಮಾಡಿದ. ಒಂದು ಮಾಡಿದ ಮೇಲೆ ಪಕ್ಕದ್ದು ಇನ್ನೂ ಸೊಟ್ಟಗೆ ಕಂಡಿತು. ಸಂಜೆಯೊಳಗೆ ಮೂವತ್ತೆರಡು ಕಿಟಕಿಗಳೂ ಹಲ್ಲಿನ ಸಾಲಿನಷ್ಟು ನೆಟ್ಟಗಾಗಿದ್ದವು. ಭಾವನಿಗೆ ಹೇಳಲಿಲ್ಲ. ಹೇಳಿದರೆ ನೊಂದುಕೊಂಡಾರು ಎಂದು ಆಗ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

“ಗೊತ್ತಾಗಿತ್ತಾ ಅವರಿಗೆ?… ಬಹುಮಾನ ಕೊಡೋಕೆ ಮುಂಚೆನೇ?… ಗೊತ್ತಿದ್ದೂ ನಗ್ತಾ ನಿಂತಿದ್ರಾ? ಹೌದಪ್ಪ, ಅವರ ಕಿಟಕಿ ಅವರಿಗೆ ಗುರುತು ಸಿಗದೆ ಇರುತ್ತಾ? ಮೇಷ್ಟ್ರು ‘ಈ ಕಿಟಕಿಗಳನ್ನ ನೋಡಿ’ ಅಂತ ಅವರ ಬೆನ್ನು ತಟ್ಟಿದ್ರು. ನಾನು ಪಕ್ಕದಲ್ಲೇ ಇದ್ದೆ, ಚಪ್ಪಾಳೆ ಹೊಡೆದೆ… ಅದಕ್ಕೇ ಈ ಸಲ ಸೊಟ್ಟ ನನ್ನ ಕಣ್ಣಿಗೇ ಬೀಳಬಾರದು ಅಂತ ಫೋಟೋ ನೆಟ್ಟಗೆ ಮಾಡಿಸಿದ್ರಾ?”

…

“ಅಕ್ಕಾ, ಫೋನು ಅವರ ಕೈಗೆ ಕೊಡು. ಸ್ಪೀಕರ್ ತೆಗೆದುಬಿಡು… ಕೊಡು ಅಂದೆನಲ್ಲ… ಭಾವಾ? ಭಾವ, ಕೇಳಿಸ್ತಿದೆಯಾ?… ಮಾತಾಡದಿದ್ರೂ ಪರವಾಗಿಲ್ಲ, ಕೇಳಿ ಸಾಕು. ಕೊಯ್ದಿದ್ದು ನಾನೇ. ಎಲ್ಲಾ ಕಿಟಕಿನೂ. ನಿಮ್ಮನ್ನ ಕೇಳದೆ ಕೊಯ್ದೆ, ಕೊಯ್ದು ಮುಚ್ಚಿಟ್ಟೆ. ಈಗ ನೋಡಿದ್ರೆ ನಿಮ್ಮ ಮೇಲೇ ಪತ್ತೇದಾರಿ ಮಾಡ್ತಾ ಕೂತಿದೀನಿ. ನನ್ನಂಥ ಅಡ್ಡಕಸುಬಿ ಇನ್ನೊಬ್ಬನಿಲ್ಲ… ಭಾವಾ?… ತಪ್ಪಾಯ್ತು ಭಾವ. ನಿಜವಾಗ್ಲೂ ತಪ್ಪಾಯ್ತು.”

…

…

“ಈಗಲೇ ಒಂದು ಫೋಟೋ ತೆಗೀರಿ. ಹೇಗಿದೆಯೋ ಹಾಗೆ. ಅಕ್ಕನ ಕೈಗೆ ಕೊಡಬೇಡಿ, ನೇರ ನಂಗೆ ಕಳಿಸಿ. ಮೇಷ್ಟ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಹಳೇ ಫೋಟೋ ಸುಳ್ಳು, ಇದು ನಿಜ ಅಂತ. ಹೊರಗೆ ಹಾಕೋದಾದ್ರೆ ಇಬ್ಬರನ್ನೂ ಹಾಕ್ಲಿ… ಹಾಂ? ಏನಂದ್ರಿ?… ಛಾವಣಿನಾ? ಛಾವಣಿಗೆ ಏನಾಗಿದೆ?… ಅಂಟಿಸಿಬಿಟ್ರಾ? ಹದಿನಾಲ್ಕು ಮನೆಯ ಛಾವಣಿನೂ?”

ಆ ಆಟದಲ್ಲಿ ಮನೆಯ ಛಾವಣಿಯನ್ನು ಯಾರೂ ಅಂಟಿಸುವುದಿಲ್ಲ. ಮುಚ್ಚಳದ ಹಾಗೆ ಎತ್ತಿ ಸಿಪಾಯಿಗಳನ್ನು ಒಳಗೆ ಅಡಗಿಸಿಡಬೇಕು. ಎತ್ತಲು ಬರದ ಮನೆಗೆ ಅಂಕ ಅರ್ಧಕ್ಕರ್ಧ ಹೋಗುತ್ತದೆ. ಇದು ಭಾವನಿಗೆ ತಿಳಿಯದ್ದೇನಲ್ಲ. ಯಾಕೆಂದು ಕೇಳಲು ಇವನು ಬಾಯಿ ತೆರೆದ. ಅಷ್ಟರಲ್ಲಿ ಭಾವನೇ ಕಾರಣ ಹೇಳಿದರು.

“ಒಳಗಿಂದ ಕಿಟಕಿಗೆ… ನನ್ನ ಕತ್ತಿ ತಾಗಬಾರದು ಅಂತಾನಾ?”

…

ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಪ್ಲಾಸ್ಟರು ಮೆತ್ತಿದ ಕೈಯಿಂದಲೇ ಒರೆಸಿಕೊಂಡ.

“ಒಳ್ಳೇದು ಮಾಡಿದ್ರಿ ಭಾವ… ಇಲ್ಲ, ವ್ಯಂಗ್ಯ ಅಲ್ಲ. ಅಂಟು ಬಿಡಿಸಬೇಡಿ. ಅಂಕ ಹೋದ್ರೆ ಹೋಗ್ಲಿ, ಸಿಪಾಯಿಗಳು ಹೊರಗೇ ನಿಂತು ಹೊಡೆದಾಡ್ಲಿ… ನಾಳೆ ಎಂಟಕ್ಕೆ ಬರಲಾ?… ಬರ್ತೀನಿ ಅಂತ ಹೇಳ್ತಿಲ್ಲ, ಬರಲಾ ಅಂತ ಕೇಳ್ತಿದೀನಿ…”

…

“ಹಾಂ? ಕೈ ಬೀಸ್ಕೊಂಡು ಬರಬೇಕಾ?… ಆಯ್ತು. ಕತ್ತಿ ಇಲ್ಲೇ ಬಿಟ್ಟು ಬರ್ತೀನಿ… ಹೂಂ ಭಾವ. ಸಣ್ಣದನ್ನೂ… ಇಲ್ಲ, ಜೇಬಲ್ಲೂ ಇಟ್ಕೊಳಲ್ಲ… ಬೇಕಾದ್ರೆ ಬಾಗಿಲಲ್ಲೇ ಜೇಬು ತಡವಿ ನೋಡಿ, ಆಮೇಲೆ ಒಳಗೆ ಬಿ… ಹಲೋ?… ಭಾವಾ?… ಹಲೋ…”