ಬಿಳಿ ಬಣ್ಣದ ಡಬ್ಬಿ

...ಅದನ್ನ ಹಾಗೇ ಮೇಜಿನ ಮೇಲಿಡಿ ಕೊಂಪಾದ್ರೆ, ಬಿಚ್ಚೋದು ಬೇಡ. ಪೇಪರ್ ಸುತ್ತಿರೋ ಕಬ್ಬಿಣ ಎಲ್ಲಿಗೂ ಓಡಿಹೋಗಲ್ಲ. ಮೊದಲು ಟೀ ಕುಡೀರಿ. ಬೆಟ್ಟದ ಮೇಲಿನ ಓರುರೋದಿಂದ ಅಷ್ಟು ದೂರ ಬಸ್ಸಲ್ಲಿ ಇಳಿದು ಬಂದಿದೀರಿ, ತುಟಿ ಎಲ್ಲ ಒಡೆದಿದೆ. ಬ್ರೆಡ್ ಇದೆ, ಬೆಣ್ಣೆಹಣ್ಣು ಇದೆ, ಹಚ್ಚಿಕೊಡ್ತೀನಿ... ಬೇಡ್ವಾ? ಟೀನೂ ಬೇಡ್ವಾ? ಸರಿ, ಇಲ್ಲೇ ಇರಲಿ. ಆಮೇಲೆ ಬೇಕನಿಸಬಹುದು.

ಭಾನುವಾರ ಬಂದದ್ದು ಒಳ್ಳೇದಾಯ್ತು. ಗ್ಯಾರೇಜಲ್ಲಿ ಯಾರೂ ಇಲ್ಲ, ಮನಸ್ಸು ಬಿಚ್ಚಿ ಮಾತಾಡಬಹುದು. ಅಂದ್ರೆ, ನೀವು ಮಾತಾಡಿದ್ರೆ.

ಲಿಂಬೆರ್ ಹೇಗಿದಾನೆ? ...ಜೈಲಲ್ಲಿರೋ ಹುಡುಗ ಹೇಗಿರ್ತಾನೆ, ಕೇಳೋ ನಾನೊಬ್ಬ ಮೂರ್ಖ. ದೀಕ್ಷಾಸ್ನಾನದ ದಿನ ಪದ್ರೀನೋ ಆಗಿ, ಧರ್ಮತಂದೆಯಾಗಿ, ಅವನನ್ನ ಎತ್ತಿಕೊಂಡವನು ನಾನು, ನನ್ನ ಹೊಸ ಅಂಗಿ ಮೇಲೇ ಉಚ್ಚೆ ಹೊಯ್ದಿದ್ದ. ಅವತ್ತಿಂದ ತಾನೇ ನಾವಿಬ್ರೂ ಕೊಂಪಾದ್ರೆ ಆಗಿದ್ದು, ಅಲ್ಲೀವರೆಗೂ 'ಲೋ' ಅಂತಿದ್ದೋರು 'ನೀವು' ಅಂತ ಶುರು ಮಾಡಿದ್ದು. ಇಪ್ಪತ್ಮೂರು ವರ್ಷ ಆಯ್ತು. ಈಗ ನೋಡಿ, ಹುಡುಗ ಗಾಡಿ ಓಡಿಸ್ತಾ ನಿದ್ದೆ ಹೋದ, ಅದಕ್ಕೇ ತಿರುವಲ್ಲಿ ಗಾಡಿ ಕಂದಕಕ್ಕೆ ಬಿತ್ತು, ಹಿಂದೆ ಕೂತಿದ್ದ ಆಲೂಗಡ್ಡೆ ಮಾರೋ ಹೆಂಗಸು ಸತ್ಳು ಅಂತ ಪೊಲೀಸರು ಬರ್ಕೊಂಡಿದಾರೆ. 'ನಾನು ತಿರುಗಿಸ್ದೆ, ಗಾಡಿ ತಿರುಗ್ಲಿಲ್ಲ' ಅಂತಾನೆ ಇವನು. ಯಾರು ನಂಬ್ತಾರೆ? ...ನೀವು ನಂಬ್ತೀರಿ. ಅಪ್ಪ ಅಲ್ವಾ.

ಕಾಗದ ಓದಿದೆ. ಎರಡು ಸಲ ಓದಿದೆ. 'ಸ್ಟೇರಿಂಗ್ ಬದಲಾಯಿಸಿದವನು ನಾನೇ, ಕೆಲಸ ಸರಿ ಇರಲಿಲ್ಲ.' ಕೆಳಗೆ ನಾನು ಸಹಿ ಹಾಕಬೇಕು, ಹಾಕಿದ್ರೆ ಹುಡುಗ ಹೊರಗೆ ಬರ್ತಾನೆ ಅಂತ ನಿಮ್ಮ ವಕೀಲ ಹೇಳ್ತಾನೆ. ಇಲ್ಲದಿದ್ರೆ ಎಂಟು ವರ್ಷ. ಗೊತ್ತು, ಗೊತ್ತು... ಆದ್ರೆ ಕಂದಕಕ್ಕೆ ಬಿದ್ದ ಏಟಿಗೆ ಯಾವ ಸ್ಟೇರಿಂಗ್ ರಾಡು ಮುರಿಯಲ್ಲ ಹೇಳಿ? ಕೆಲಸ ಸರಿ ಇರಲಿಲ್ಲ ಅಂತ ಹೇಗೆ ಹೇಳ್ತೀರ?

ಈ ವ್ಯಾಪಾರ ನಿಮಗೆ ನಾನು ಹೇಳಿಕೊಡಬೇಕಾ? ಇಲ್ಲೇ ಆರು ವರ್ಷ ನನ್ನ ಪಕ್ಕದಲ್ಲಿ ಗ್ರೀಸ್ ಮೆತ್ತಿಕೊಂಡವರು. ಜಪಾನಿನವನು ಹಳೇ ಗಾಡೀನ ಹಡಗಿಗೆ ಹಾಕಿ ಕೈ ತೊಳ್ಕೊಳ್ತಾನೆ. ಅದು ನಮ್ಮ ಇಕೀಕೆ ಬಂದರಲ್ಲಿ ಇಳಿಯುತ್ತೆ, ಆದ್ರೆ ಚಿಲಿ ದೇಶದ ಪಾಲಿಗೆ ಇಳಿದೇ ಇಲ್ಲ. ಈ ಕಾಂಪೌಂಡಿನೊಳಗೆ ಇರೋವರೆಗೂ ಸುಂಕ ಇಲ್ಲ, ನಂಬರ್ ಪ್ಲೇಟ್ ಇಲ್ಲ, ನಮ್ಮ ರಸ್ತೆ ಮೇಲೆ ಒಂದು ಗೇಣು ಓಡಿಸೋ ಹಾಗಿಲ್ಲ. ನೀರಿಗಿಳಿದ್ರೂ ಮೈ ನೆನೆಯಬಾರದು, ಅದೇ ಕಾನೂನು. ಸ್ಟೇರಿಂಗ್ ಬಲಗಡೆ ಇರುತ್ತೆ, ನಿಮ್ಮ ಬೊಲಿವಿಯಾದಲ್ಲಿ ಎಡಗಡೆ ಬೇಕು. ನಾವು ಕೊಯ್ದು, ಆ ಪಕ್ಕದಿಂದ ಈ ಪಕ್ಕಕ್ಕೆ ಕೂರಿಸಿ, ಲಾರಿ ಮೇಲೆ ಗಡಿಗೆ ಹತ್ತಿಸ್ತೀವಿ. ಸುಂಕ ಕಟ್ಟೋದು ಅಲ್ಲಿ, ಗಾಡಿಗೆ ಹೆಸರು ಬರೋದೂ ಅಲ್ಲಿ. ಹಳೇ ಯುದ್ಧದಲ್ಲಿ ನಿಮ್ಮ ಸಮುದ್ರ ಕಿತ್ಕೊಂಡೋರು ಅಂತ ನಮ್ಮನ್ನ ಬೈಕೊಂಡೇ ನಮ್ಮ ಸಮುದ್ರದಿಂದ ಗಾಡಿ ತರಿಸ್ತೀರಿ... ಮೊದಲಾಗಿದ್ರೆ ಈ ಮಾತಿಗೆ ನಗ್ತಿದ್ರಿ.

ಅದಕ್ಕೇ ಹೇಳೋದು. ಜಪಾನಿಗೆ ಹೋಗಿ ಕೇಳಿದ್ರೆ, ನಾವು ಕಳಿಸಿದಾಗ ಚೆನ್ನಾಗಿತ್ತು ಅಂತಾರೆ. ಇಲ್ಲಿ ಕೇಳಿದ್ರೆ, ಆ ಗಾಡಿ ನಮ್ಮ ದೇಶಕ್ಕೆ ಬಂದೇ ಇಲ್ಲ ಅಂತಾರೆ. ಗಡಿಯಲ್ಲಿ ಕೇಳಿದ್ರೆ ಕಾಗದ ಎಲ್ಲ ಸರಿ ಇದೆಯಲ್ಲ ಅಂತಾರೆ. ನಾನು ನಡುವಿನವನು. ನಡುವಿನವನ ಹೆಸರು ಯಾವ ಕಾಗದದಲ್ಲೂ ಇರಲ್ಲ ಕೊಂಪಾದ್ರೆ. ಇಲ್ಲದೇ ಇರೋನ ಸಹಿ ತಗೊಂಡು ನ್ಯಾಯಾಧೀಶ ಏನು ಮಾಡ್ತಾನೆ?

...ಗೋಡೆ ಕಡೆ ಏನು ನೋಡ್ತಿದೀರ? ಓ, ಡಬ್ಬಿಗಳಾ. ಹೌದು, ಇನ್ನೂ ಅದೇ ಕಪಾಟು. ಬಿಳಿ ಬಣ್ಣ, ಹಳದಿ ಬಣ್ಣ. ನಮ್ಮ ಮೇಸ್ತ್ರಿ, ಮುದುಕ ಕ್ಲೋದೋಮೀರೋ ಮಾಡಿದ ನಿಯಮ, ಅವನು ಸತ್ತ ಮೇಲೂ ಬಿಟ್ಟಿಲ್ಲ ನಾವು. ರಾಡಿಗೆ ಸುತ್ತ ಪೂರ್ತಿ ವೆಲ್ಡಿಂಗ್ ಆಗಿದ್ರೆ ಬಿಳಿ. ಅಂಗಳದಲ್ಲಿ ಆಚೀಚೆ ಸರಿಸೋಕೆ ಅಂತ ಎರಡೇ ಚುಕ್ಕಿ ಇಟ್ಟಿದ್ರೆ ಹಳದಿ. ಹಳದಿ ಗಾಡಿ ಗೇಟು ದಾಟಬಾರದು. ನೀವೊಂದ್ಸಲ ಮರೆತು ಹಳದೀನ ಗೇಟಿನ ತನಕ ಓಡಿಸಿದ್ದಕ್ಕೆ ಸ್ಪ್ಯಾನರ್ ಎಸೆದಿದ್ದನಲ್ಲ ಮುದುಕ! ಆ ಕಿವಿ ಹತ್ರದ ಗಾಯ ಅದೇ ತಾನೇ... ಯಾಕೆ ಮುಟ್ಟಿ ನೋಡ್ಕೊಳ್ತೀರ? ಸುಮ್ನೆ ಹಳೇ ಮಾತು ತೆಗೆದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋನು ನಾನಲ್ಲ.

ಅವಸರ ಮಾಡಿದ್ದು ಯಾರು? ನೀವು. ತಿಂಗಳು ಮುಗಿದ್ರೆ ಇಷ್ಟು ಹಳೇ ಗಾಡಿ ನಿಮ್ಮ ದೇಶದೊಳಗೆ ಬಿಡಲ್ಲಂತೆ, ಬೇಗ ಬೇಗ ಅಂತ ದಿನಕ್ಕೆ ಮೂರು ಸಲ ಫೋನು. ಲಾರಿ ಬಂದು ನಿಂತಿತ್ತು. ರಾಡು ಜೋಡಿಸೋ ಕೊಳವೆ ಅಂಗಡಿಯಿಂದ ಬಂದಿರಲಿಲ್ಲ. ಆದ್ರೂ ನಾನು... ಇಲ್ಲ, ಪೂರ್ತಿ ವೆಲ್ಡಿಂಗ್ ಮಾಡಿದ್ದೆ. ದೇವರಾಣೆ ಮಾಡಿದ್ದೆ. 'ಆಯ್ತಾ?' ಅಂತ ನೀವು ಫೋನಲ್ಲಿ ಕೇಳಿದಾಗ ಆಯ್ತು ಅಂದೆ, ಅಂದಿಲ್ವಾ?

ಬಿಚ್ಚಬೇಡಿ ಅಂದ್ನಲ್ಲ... ಬೇಡ ಕೊಂಪಾದ್ರೆ...

ಹೂಂ. ಅದೇ ರಾಡು.

ನೋಡಿ, ಅವತ್ತು ಬಿಳಿ ಡಬ್ಬಿ ಖಾಲಿಯಾಗಿತ್ತು. ಅದಕ್ಕೇ ಹಳದಿ ಬಳಿದೆ, ಅಷ್ಟೇ. ಕೆಲಸ ಪೂರ್ತಿ ಆಗಿತ್ತು, ಬಣ್ಣ ಮಾತ್ರ... ಡಬ್ಬಿ ಖಾಲಿ ಇದ್ರೆ ಏನು ಮಾಡೋದು? ಇನ್ನೊಂದು ತರೋಕೆ ಹೊತ್ತಿರಲಿಲ್ಲ. ...ಏನಾದ್ರೂ ಅನ್ನಿ. ಬೈದ್ರೂ ಸರಿ. ಸ್ಪ್ಯಾನರ್ ಅಲ್ಲೇ ಇದೆ, ಎಸೀರಿ. ಹಾಗೆ ನೋಡಬೇಡಿ.

...

ಖಾಲಿಯಾಗಿರಲಿಲ್ಲ.

ಕೈಯಲ್ಲೇ ಹಿಡ್ಕೊಂಡಿದ್ದೆ ಕಣೋ ಸಾತು. ಮುಚ್ಚಳ ತೆಗೆದಿದ್ದೆ. ಹಳದಿ ಮೇಲೆ ಬಿಳಿ ಎಳೆದುಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂತ. ಲಾರಿಯವನು ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದ. ಅಷ್ಟು ದೊಡ್ಡ ಸುಳ್ಳಿಗೆ ಕೈ ಬರಲಿಲ್ಲ ನನಗೆ. ಹಾಗೇ ಕಳಿಸೋಕೆ ಮಾತ್ರ ಕೈ ಬಂತು. ಊರಿಗೆ ತಲುಪಿದ ಮೇಲೆ ಹೇಳಿದ್ರಾಯ್ತು, ನಾನೇ ಹೋಗಿ ವೆಲ್ಡಿಂಗ್ ಮಾಡಿಕೊಟ್ರಾಯ್ತು ಅಂದ್ಕೊಂಡೆ.

ಬಂದೆನಲ್ಲ. ಗಾಡಿಗೆ ಪೂಜೆ ಮಾಡಿಸಿದ ದಿನ ನಿಮ್ಮನೆಗೆ ಬಂದೆನಲ್ಲ. ಬಾನೆಟ್ ಮೇಲೆ ಹೂವು, ಬಣ್ಣದ ಕಾಗದ, ನಾಲ್ಕು ಚಕ್ರಕ್ಕೂ ಬಿಯರ್ ಸುರಿದವನು ನಾನೇ. ಲಿಂಬೆರ್ ಓಡಿ ಬಂದು ತಬ್ಕೊಂಡ. 'ಪದ್ರೀನೋ, ಸ್ಟೇರಿಂಗ್ ಬೆಣ್ಣೆ ಥರ ತಿರುಗುತ್ತೆ' ಅಂದ. ನಿನ್ನ ಹೆಂಡ್ತಿ ನನ್ನ ತಟ್ಟೆಗೆ ಇನ್ನೊಂದು ತುಂಡು ಕುರಿಮಾಂಸ ಬಡಿಸಿದ್ಳು. ಅವತ್ತು ಹೇಗೆ ಬಾಯಿ ಬಿಡಲಿ ಹೇಳು? ಬೆಳಗ್ಗೆ ಹೇಳೋಣ ಅಂದ್ಕೊಂಡೆ, ಬೆಳಗ್ಗೆ ಬಸ್ಸು ಹತ್ತಿದೆ. ಇಪ್ಪತ್ತೆರಡು ದಿನ ಫೋನು ಕೈಗೆತ್ಕೊಂಡು ಕೆಳಗಿಟ್ಟಿದೀನಿ. ಇಪ್ಪತ್ಮೂರನೇ ದಿನ ನೀನೇ ಫೋನ್ ಮಾಡಿದೆ, ಗಾಡಿ ಕಂದಕಕ್ಕೆ ಬಿತ್ತು ಅಂತ.

ನಿನಗೆ ಗೊತ್ತಿತ್ತು. ಆ ಬಾಗಿಲು ದಾಟೋಕೆ ಮೊದಲೇ ಗೊತ್ತಿತ್ತು. ಹಳದಿ ಅಂದ್ರೇನು ಅಂತ ಆ ಊರಲ್ಲಿ ಗೊತ್ತಿರೋನು ನೀನೊಬ್ಬನೇ. ನಾನಾಗೇ ಹೇಳ್ತೀನಾ ಅಂತ ಕಾದು ಕೂತಿದ್ದೆ, ಅಲ್ವಾ?

ಆ ಕಾಗದ ಕೊಡು. ಇದರಲ್ಲಿ 'ಕೆಲಸ ಸರಿ ಇರಲಿಲ್ಲ' ಅಂತ ಮಾತ್ರ ಇದೆ. ಅದು ಸಾಲದು. ಸರಿ ಇಲ್ಲ ಅಂತ ಗೊತ್ತಿದ್ದೂ ಕಳಿಸಿದೆ ಅಂತ ಬರೀಬೇಕು. ಊರು ಹಾಕ್ತೀನಿ, ಹೆಸರು ಹಾಕ್ತೀನಿ, ಫೆರ್ಮೀನ್ ಚಾಲ್ಯಾಪ, ಇಕೀಕೆ. ಹುಡುಗ ತಿರುಗಿಸಿದ್ದ ಅಂತ ಮೊದಲನೇ ಸಾಲಲ್ಲೇ ಬರೀತೀನಿ.

ಪೆನ್ನು ಕೊಡು ಸಾತು.